ಮರ ಕೆಡವುವ ತರಬೇತಿಗೆ ಹೋಗುವ ಮುಂಚೆ ಚೈನ್‌ಸಾ ಕೈಗೆ ಪಳಗಿರಬೇಕು

ಮರ ಕೆಡವುವ ತರಬೇತಿಯ ಮೊದಲ ದಿನ ನಾನು ಗಮನಿಸುವುದು ಒಂದೇ ವಿಷಯ. ಬುಡದ ಹತ್ತಿರ ನಿಂತವರ ಕಣ್ಣು ಎಲ್ಲಿದೆ ಅಂತ. ಕೆಲವರ ಕಣ್ಣು ಮಷೀನ್ ಬಿಟ್ಟು ಕದಲುವುದೇ ಇಲ್ಲ. ಬ್ರೇಕ್ ಬಿಟ್ಟೆನಾ, ಚೋಕ್ ಒಳಗೆ ಹಾಕಿದೆನಾ, ಚೈನ್ ಯಾಕೆ ಸಡಿಲವಾಯಿತು, ಇದೇ ಯೋಚನೆ. ಇನ್ನು ಕೆಲವರು ಮಷೀನನ್ನು ಸಲೀಸಾಗಿ ಹಿಡಿದುಕೊಂಡು ತಲೆ ಎತ್ತಿ ಮರದ ತುದಿ ನೋಡುತ್ತಿರುತ್ತಾರೆ. ಆ ತರಬೇತಿಯಿಂದ ನಿಜವಾಗಿ ಕಲಿತು ಹೋಗುವವರು ಈ ಎರಡನೆಯವರು. ಮರ ಬೀಳುವಾಗ ಅಪಾಯ ಬರುವುದು ಮೇಲಿನಿಂದ, ಪಕ್ಕದಿಂದ, ಬುಡ ಹಿಂದಕ್ಕೆ ಜಾರಿದರೆ ಅಲ್ಲಿಂದ. ಕಣ್ಣು ಕೈಯಲ್ಲಿರುವ ಮಷೀನಿಗೆ ಅಂಟಿಕೊಂಡಿದ್ದರೆ ಅದೆಲ್ಲ ಕಾಣುವುದಾದರೂ ಹೇಗೆ?

ನನ್ನ ಮೊದಲ ತರಬೇತಿಗೆ ನಾನು ಮೊಂಡು ಚೈನ್ ಹಾಕಿಕೊಂಡು ಹೋಗಿದ್ದೆ. ಅದು ಮೊಂಡು ಅಂತಲೇ ಗೊತ್ತಿರಲಿಲ್ಲ. ಮಷೀನಿನ ಮೇಲೆ ಮೈಭಾರ ಹಾಕಿ ಒತ್ತುತ್ತಿದ್ದೆ, ಕೊಯ್ತ ಸೊಟ್ಟ ಹೋಗುತ್ತಿತ್ತು, ಬಾರ್, ಅಂದರೆ ಚೈನ್ ಸುತ್ತಿ ಓಡುವ ಉದ್ದನೆಯ ಪಟ್ಟಿ, ಎರಡು ಸಲ ಸಿಕ್ಕಿಹಾಕಿಕೊಂಡಿತು. ಕಲಿಸುವವರು ಬೈಯಲಿಲ್ಲ. ಮಷೀನ್ ಆಫ್ ಮಾಡಿಸಿ, ಚೈನ್ ಉಜ್ಜಿ ಹರಿತ ಮಾಡುವ ಒಂದು ಅರ ಕೈಗೆ ಕೊಟ್ಟು, ದಿಮ್ಮಿ ಕೊಯ್ಯುವುದನ್ನು ಸರಿಯಾಗಿ ಕಲಿತು ಬನ್ನಿ ಅಂದರು. ಅವತ್ತು ಅವಮಾನ ಅನಿಸಿತ್ತು. ಈಗ ನಾನೂ ಹಾಗೇ ಹೇಳುತ್ತೇನೆ.

ಇದು ನನ್ನೊಬ್ಬನ ಮಾತಲ್ಲ. ಯುರೋಪಿನ ಚೈನ್‌ಸಾ ಪ್ರಮಾಣಪತ್ರದಲ್ಲಿ ನಾಲ್ಕು ಹಂತ ಇದೆ. ಮೊದಲನೆಯದು ಮಷೀನ್ ನಿರ್ವಹಣೆ ಮತ್ತು ಮಲಗಿರುವ ದಿಮ್ಮಿ ಕೊಯ್ಯುವುದು. ಮರ ಕೆಡವುವುದು ಬರುವುದು ಎರಡನೇ ಹಂತದಲ್ಲಿ. ಬ್ರಿಟನ್ನಿನಲ್ಲೂ ಇದೇ ಕ್ರಮ, ಮೊದಲು ನಿರ್ವಹಣೆ ಮತ್ತು ದಿಮ್ಮಿ ಕೊಯ್ತ, ಅದಾದಮೇಲೆ 380 ಮಿಲಿಮೀಟರ್ ಒಳಗಿನ ದಪ್ಪದ ಮರಗಳು. ನಿಮ್ಮ ತರಬೇತಿಯಲ್ಲಿ ಹೀಗೆ ಯಾರೂ ಕೇಳದೇ ಇರಬಹುದು. ಆದರೂ ಕೆಳಗೆ ಬರೆದಿರುವುದನ್ನು ಕೈಗೆ ಹತ್ತಿಸಿಕೊಂಡೇ ಹೋಗಿ.

ಮೈ ಮತ್ತು ಬಟ್ಟೆ

ನಿಮ್ಮ ಆರೋಗ್ಯದ ವಿಷಯದಲ್ಲಿ ನಿಮಗೆ ನೀವೇ ಸುಳ್ಳು ಹೇಳಿಕೊಳ್ಳಬೇಡಿ. ಮೂರ್ಛೆ ರೋಗ, ತಲೆ ಸುತ್ತು, ನಿದ್ದೆ ಬರಿಸುವ ಮಾತ್ರೆ, ಕೈ ಮರಗಟ್ಟುವ ತೊಂದರೆ ಇದ್ದರೆ ಮೊದಲು ಡಾಕ್ಟರ ಹತ್ತಿರ ಮಾತಾಡಿ, ಕಲಿಸುವವರಿಗೂ ತಿಳಿಸಿ. ಮಷೀನಿನ ನಡುಕ ವರ್ಷಗಟ್ಟಲೆ ಕೈಗೆ ತಾಗಿದರೆ ಬೆರಳಿನ ರಕ್ತನಾಳ, ನರ ಹಾಳಾಗುತ್ತವೆ. ಈಗಾಗಲೇ ಬೆರಳು ಬಿಳಚಿಕೊಳ್ಳುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹಿಂದಿನ ರಾತ್ರಿ ನಿದ್ದೆ ಬಿಟ್ಟಿದ್ದರೆ ಅವತ್ತು ಮಷೀನ್ ಮುಟ್ಟುವುದೇ ಬೇಡ.

ಬಟ್ಟೆಯ ವಿಷಯಕ್ಕೆ ಬಂದರೆ, ಮುಖದ ಜಾಲರಿ ಮತ್ತು ಕಿವಿಯ ಕವಚ ಇರುವ ಹೆಲ್ಮೆಟ್, ಗ್ಲೌಸ್, ಕಾಲ್ಬೆರಳಿಗೆ ಉಕ್ಕಿನ ರಕ್ಷಣೆ ಇರುವ ಚೈನ್‌ಸಾ ಬೂಟ್, ಚೈನ್‌ಸಾ ಪ್ಯಾಂಟ್, ಇಷ್ಟೂ ಬೇಕು. ಮಷೀನಿನ ಸದ್ದು 100 ಡೆಸಿಬೆಲ್ ದಾಟುತ್ತದೆ, ಹಾಗಾಗಿ ಕಿವಿಯ ಕವಚ ಐದು ನಿಮಿಷದ ಕೆಲಸಕ್ಕೂ ಬೇಕು. ಪ್ಯಾಂಟಿನ ಬಗ್ಗೆ ಸ್ವಲ್ಪ ತಿಳಿದುಕೊಂಡಿರುವುದು ಒಳ್ಳೆಯದು. ಅದರೊಳಗೆ ಉದ್ದ ಎಳೆಗಳ ಪದರಗಳಿರುತ್ತವೆ. ಚೈನ್ ತಗುಲಿದರೆ ಆ ಎಳೆಗಳು ಕಿತ್ತುಬಂದು, ಚೈನನ್ನು ತಿರುಗಿಸುವ ಹಲ್ಲುಚಕ್ರಕ್ಕೆ (ಸ್ಪ್ರಾಕೆಟ್) ಸುತ್ತಿಕೊಂಡು ಚೈನನ್ನು ನಿಲ್ಲಿಸುತ್ತವೆ. ಕ್ಲಾಸ್ 1 ಅಂದರೆ ಸೆಕೆಂಡಿಗೆ 20 ಮೀಟರ್ ವೇಗದ ಚೈನಿಗೆ ಪರೀಕ್ಷೆ ಮಾಡಿದ್ದು, ಕ್ಲಾಸ್ 2 ಅಂದರೆ 24, ಕ್ಲಾಸ್ 3 ಅಂದರೆ 28. ನಿಮ್ಮ ಮಷೀನಿನ ಚೈನ್ ವೇಗ ಅದರ ಪುಸ್ತಕದಲ್ಲಿರುತ್ತದೆ, ಹೋಲಿಸಿ ನೋಡಿ. ಒಮ್ಮೆ ಚೈನ್ ತಾಗಿ ಒಳಪದರ ಹರಿದ ಪ್ಯಾಂಟನ್ನು ಹೊಲಿದು ಮತ್ತೆ ಹಾಕಿಕೊಳ್ಳಬೇಡಿ, ಅದರ ಕೆಲಸ ಮುಗಿಯಿತು. ಮತ್ತೆ, ಇದನ್ನೆಲ್ಲ ಹಾಕಿಕೊಂಡು ನಡೆಯುವುದು, ಬಗ್ಗುವುದು, ಮಂಡಿಯೂರುವುದು ಮೊದಮೊದಲು ಕಷ್ಟ. ತರಬೇತಿಗೆ ಮುಂಚೆಯೇ ಮೈಗೆ ಅಭ್ಯಾಸವಾಗಲಿ.

ಮಷೀನನ್ನು ಬಿಚ್ಚಿ ಜೋಡಿಸಲು ಬರಬೇಕು

ರಿಪೇರಿ ಮಾಡುವವರಷ್ಟು ಗೊತ್ತಿರಬೇಕಿಲ್ಲ. ಸೈಡ್ ಕವರ್ ಬಿಚ್ಚಿ, ಬಾರ್ ಮತ್ತು ಚೈನ್ ಹೊರತೆಗೆದು, ಬಾರಿನ ಸಂದಿನಲ್ಲಿ ಕೂತ ಎಣ್ಣೆ ಮತ್ತು ಮರದ ಪುಡಿಯ ಗಸಿಯನ್ನು ಕೆರೆದು, ಎಣ್ಣೆ ಬರುವ ಸಣ್ಣ ತೂತು ಬಿಡಿಸಿ, ಏರ್ ಫಿಲ್ಟರ್ ಸ್ವಚ್ಛ ಮಾಡಿ, ಬಾರನ್ನು ತಿರುವಿ ಹಾಕಿ, ಚೈನನ್ನು ಸರಿಯಾದ ದಿಕ್ಕಿಗೆ ಕೂರಿಸಿ ಮತ್ತೆ ಬಿಗಿಯುವುದು, ಇಷ್ಟನ್ನು ಯಾರನ್ನೂ ಕೇಳದೆ ಮಾಡಲು ಬಂದರೆ ಸಾಕು. ಬಾರ್ ತಿರುವಿ ಹಾಕುವುದು ಯಾಕೆ ಅಂದರೆ ಅದರ ಎರಡೂ ಅಂಚು ಸಮನಾಗಿ ಸವೆಯಲಿ ಅಂತ.

ಚೈನ್ ಬಿಗಿ ಮಾಡುವಾಗ ಬಾರಿನ ಮೂತಿಯನ್ನು ಮೇಲಕ್ಕೆ ಎತ್ತಿ ಹಿಡಿದುಕೊಂಡೇ ನಟ್ ಬಿಗಿಯಬೇಕು. ಬಿಗಿದ ಮೇಲೆ ಚೈನ್ ಕೆಳಗೆ ಜೋತು ಬೀಳಬಾರದು, ಆದರೆ ಗ್ಲೌಸ್ ಹಾಕಿದ ಕೈಯಿಂದ ಎಳೆದರೆ ಬಾರಿನ ಸುತ್ತ ಸರಾಗವಾಗಿ ಓಡಬೇಕು. ಬಿಸಿಯಾದ ಚೈನ್ ಹಿಗ್ಗುತ್ತದೆ, ಹಾಗಾಗಿ ಕೆಲಸದ ನಡುವೆ ಮತ್ತೆ ಬಿಗಿ ಮಾಡುವುದು ಮಾಮೂಲಿ. ಕೆಲಸ ಮುಗಿದ ಮೇಲೆ ಸ್ವಲ್ಪ ಸಡಿಲ ಬಿಡಿ. ತಣ್ಣಗಾದಾಗ ಚೈನ್ ಕುಗ್ಗಿ ಬಾರನ್ನು ಹಿಂಡುತ್ತದೆ.

ಪ್ರತಿ ಸಲ ಕೆಲಸಕ್ಕೆ ಮುಂಚೆ ನೋಡಬೇಕಾದ್ದು ಇವು: ಚೈನ್ ಬ್ರೇಕ್ ಹಿಡಿಯುತ್ತಾ, ಥ್ರಾಟಲ್ ಲಾಕ್ ಒತ್ತದೆ ಥ್ರಾಟಲ್ ಅದುಮಲು ಆಗುತ್ತಾ (ಆಗಬಾರದು), ಸ್ವಿಚ್ ಒತ್ತಿದ ತಕ್ಷಣ ಎಂಜಿನ್ ನಿಲ್ಲುತ್ತಾ, ತುಂಡಾದ ಚೈನನ್ನು ಹಿಡಿಯುವ, ಬಾರಿನ ಬುಡದ ಹತ್ತಿರದ ಚೈನ್ ಕ್ಯಾಚರ್ ಜಾಗದಲ್ಲಿದೆಯಾ, ನಡುಕ ತಡೆಯುವ ರಬ್ಬರ್ ಅಥವಾ ಸ್ಪ್ರಿಂಗ್ ಮುರಿದಿದೆಯಾ. ಎಂಜಿನ್ ಸುಮ್ನೆ ಓಡುತ್ತಿರುವಾಗ, ಅಂದರೆ ಥ್ರಾಟಲ್ ಬಿಟ್ಟಿರುವಾಗ, ಚೈನ್ ತಿರುಗಲೇಬಾರದು. ತಿರುಗುತ್ತಿದ್ದರೆ ಆ ಮಷೀನ್ ಅವತ್ತು ಕೆಲಸಕ್ಕಿಲ್ಲ. ಎಣ್ಣೆ ಬರುತ್ತಿದೆಯಾ ಅಂತ ನೋಡಲು ಬಾರಿನ ಮೂತಿಯನ್ನು ತಿಳಿ ಬಣ್ಣದ ಮರದ ಹೊಸ ಕೊಯ್ತದ ಕಡೆ ಹಿಡಿದು, ತಾಗಿಸದೆ, ಥ್ರಾಟಲ್ ಕೊಡಿ. ಸಣ್ಣಗೆ ಎಣ್ಣೆಯ ಗೆರೆ ಮೂಡಬೇಕು.

ಪೆಟ್ರೋಲ್ ಮಷೀನಾದರೆ ಮಿಶ್ರಣ ನೀವೇ ಮಾಡಲು ಕಲಿಯಿರಿ. ಹೆಚ್ಚಿನ ಮಷೀನುಗಳಿಗೆ 50ಕ್ಕೆ 1, ಅಂದರೆ 5 ಲೀಟರ್ ಪೆಟ್ರೋಲಿಗೆ 100 ಮಿಲಿಲೀಟರ್ ಟೂ ಸ್ಟ್ರೋಕ್ ಎಣ್ಣೆ. ತುಂಬಿಸಿದ ಜಾಗದಿಂದ ಕನಿಷ್ಠ 3 ಮೀಟರ್ ದೂರ ಬಂದು ಸ್ಟಾರ್ಟ್ ಮಾಡಿ.

ಅರ ಹಿಡಿಯುವುದು

ಇಷ್ಟರಲ್ಲಿ ಒಂದೇ ಒಂದು ಕಲಿಯಲು ಸಮಯ ಇದೆ ಅಂದರೆ ನಾನು ಚೈನ್ ಹರಿತ ಮಾಡುವುದನ್ನೇ ಆರಿಸುತ್ತೇನೆ. ಯಾಕೆ ಅಂದರೆ ಮಿಕ್ಕಿದ್ದೆಲ್ಲ ಅದರ ಮೇಲೆ ನಿಂತಿದೆ. ಹರಿತವಾದ ಚೈನ್ ತನ್ನಷ್ಟಕ್ಕೆ ಮರದೊಳಗೆ ಇಳಿಯುತ್ತದೆ. ಮೊಂಡು ಚೈನನ್ನು ನೀವು ಒತ್ತಬೇಕು. ಒತ್ತುವವರು ಕೊಯ್ತ ಮುಗಿಯುವ ಕ್ಷಣದಲ್ಲಿ ಮುಂದಕ್ಕೆ ಮುಗ್ಗರಿಸುತ್ತಾರೆ, ಬೇಗ ಸುಸ್ತಾಗುತ್ತಾರೆ, ಸುಸ್ತಾದ ಮೇಲೆ ತಪ್ಪು ಮಾಡುತ್ತಾರೆ.

ಮೊಂಡಾಗಿದೆಯಾ ಅಂತ ನೆಲ ನೋಡಿದರೆ ಗೊತ್ತಾಗುತ್ತದೆ. ದಪ್ಪ ಚೂರು ಬೀಳುತ್ತಿದ್ದರೆ ಹರಿತ ಇದೆ. ಹಿಟ್ಟಿನಂಥ ನುಣ್ಣನೆ ಪುಡಿ ಬೀಳುತ್ತಿದ್ದರೆ ಹಲ್ಲು ಹೋಗಿದೆ. ಕೊಯ್ತ ಒಂದೇ ಕಡೆಗೆ ಬಾಗಿಕೊಂಡು ಹೋಗುತ್ತಿದ್ದರೆ ಸಾಮಾನ್ಯವಾಗಿ ಎಡ ಬಲ ಹಲ್ಲುಗಳು ಒಂದೇ ಸಮ ಇಲ್ಲ ಅಂತ ಅರ್ಥ.

ಮೊದಲು ಚೈನಿನ ಅಳತೆಗೆ ಸರಿಹೊಂದುವ ದುಂಡು ಅರ ತಗೊಳ್ಳಿ. .325 ಪಿಚ್ (ಪಿಚ್ ಅಂದರೆ ಚೈನಿನ ಕೊಂಡಿಗಳ ಅಂತರ, ಇಂಚಿನಲ್ಲಿ) ಚೈನಿಗೆ 4.8 ಮಿಲಿಮೀಟರ್ ಅರ, 3/8 ಲೋ ಪ್ರೊಫೈಲ್ ಚೈನಿಗೆ ಸಾಮಾನ್ಯವಾಗಿ 4 ಮಿಲಿಮೀಟರ್. ಚೈನಿನ ಡಬ್ಬದ ಮೇಲೆ ಇದು ಬರೆದಿರುತ್ತದೆ. ಬಾರನ್ನು ವೈಸ್‌ಗೆ ಕಚ್ಚಿಸಿ, ಬ್ರೇಕ್ ಹಾಕಿ ಚೈನ್ ಓಡಾಡದಂತೆ ಮಾಡಿ. ತುಂಬಾ ಸವೆದ ಹಲ್ಲು ಯಾವುದು ಅಂತ ಹುಡುಕಿ ಅಲ್ಲಿಂದ ಶುರು ಮಾಡಿ. ಹಲ್ಲಿನ ಮೇಲ್ಭಾಗದಲ್ಲಿ ಓರೆಯಾಗಿ ಒಂದು ಸಣ್ಣ ಗೆರೆ ಕೊರೆದಿರುತ್ತದೆ, ಹೆಚ್ಚಿನ ಚೈನಿಗೆ ಅದು 30 ಡಿಗ್ರಿ. ಅರ ಆ ಗೆರೆಗೆ ಸಮನಾಗಿ ಸಾಗಬೇಕು. ಹಲ್ಲಿನ ಒಳಗಿನಿಂದ ಹೊರಕ್ಕೆ ತಳ್ಳಿ. ವಾಪಸ್ ತರುವಾಗ ಎತ್ತಿ ತನ್ನಿ, ಹಿಂದಕ್ಕೆ ಉಜ್ಜಿದರೆ ಅರವೇ ಹಾಳಾಗುತ್ತದೆ. ಅರದ ಐದನೇ ಒಂದು ಭಾಗ ಹಲ್ಲಿನ ಮೇಲಂಚಿಗಿಂತ ಮೇಲೆ ಕಾಣಿಸುತ್ತಿರಲಿ. ಎರಡು ಮೂರು ಸಲ ತಳ್ಳಿದ ಮೇಲೆ ಹಲ್ಲಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಮೊಂಡು ಅಂಚು ಬೆಳಕಿಗೆ ಸಣ್ಣ ಬಿಳಿ ದಾರದಂತೆ ಹೊಳೆಯುತ್ತದೆ. ಆ ಹೊಳಪು ಪೂರ್ತಿ ಮಾಯವಾದಾಗ ಹಲ್ಲು ಹರಿತವಾಗಿದೆ. ಇನ್ನೂ ಒಂದು ಚೂರು ಹೊಳಪು ಮೂಲೆಯಲ್ಲಿ ಉಳಿದಿದ್ದರೆ ಇನ್ನೊಂದು ಸಲ ತಳ್ಳಿ, ಬಿಡಬೇಡಿ, ಮರಕ್ಕೆ ಮೊದಲು ತಾಗುವುದು ಆ ಮೂಲೆಯೇ. ಮೊದಲ ಹಲ್ಲಿಗೆ ಎಷ್ಟು ಸಲ ತಳ್ಳಿದಿರಿ ಅಂತ ಎಣಿಸಿಕೊಂಡು ಒಂದು ಬದಿಯ ಹಲ್ಲುಗಳನ್ನೆಲ್ಲ ಅದೇ ಉದ್ದಕ್ಕೆ ತನ್ನಿ, ಆಮೇಲೆ ಇನ್ನೊಂದು ಬದಿ.

ಹಲ್ಲಿನ ಮುಂದೆ ಇರುವ ಸಣ್ಣ ಗುಬ್ಬಿಯೇ ಡೆಪ್ತ್ ಗೇಜ್. ಹಲ್ಲು ಒಂದು ಸಲಕ್ಕೆ ಎಷ್ಟು ಮರ ಕಚ್ಚಬೇಕು ಅಂತ ತೀರ್ಮಾನ ಮಾಡುವುದು ಅದು. ಹಲ್ಲು ಸವೆಯುತ್ತಾ ಬಂದ ಹಾಗೆ ಇದನ್ನೂ ಚಪ್ಪಟೆ ಅರದಿಂದ ಇಳಿಸಬೇಕು, ಸಾಮಾನ್ಯವಾಗಿ ಹಲ್ಲಿನ ಮೇಲಂಚಿಗಿಂತ 0.65 ಮಿಲಿಮೀಟರ್ ಕೆಳಗೆ. ಅದನ್ನು ಅಳೆಯುವ ಪಟ್ಟಿ ಇಟ್ಟುಕೊಂಡೇ ಮಾಡಿ. ಕಣ್ಣಂದಾಜಿನಲ್ಲಿ ಜಾಸ್ತಿ ಇಳಿಸಿಬಿಟ್ಟರೆ ಚೈನ್ ಮರವನ್ನು ಒರಟಾಗಿ ಕಚ್ಚುತ್ತದೆ, ಬಾರ್ ನಿಮ್ಮ ಕಡೆಗೆ ಚಿಮ್ಮುವ ಅಪಾಯ, ಅಂದರೆ ಕಿಕ್‌ಬ್ಯಾಕ್ ಅಪಾಯ, ಏರುತ್ತದೆ.

ಸ್ಟಾರ್ಟ್, ಹಿಡಿತ, ನಿಲುವು

ಮಷೀನನ್ನು ಗಾಳಿಯಲ್ಲಿ ತೂಗಿ ಹಗ್ಗ ಎಳೆಯುವವರನ್ನು ನೀವೂ ನೋಡಿರುತ್ತೀರಿ, ಅಲ್ವಾ? ಅದನ್ನು ದಯವಿಟ್ಟು ಅನುಕರಿಸಬೇಡಿ. ತಣ್ಣಗಿರುವ ಮಷೀನನ್ನು ನೆಲದ ಮೇಲಿಟ್ಟು, ಬ್ರೇಕ್ ಹಾಕಿ, ಬಲಗಾಲಿನ ಬೂಟಿನ ಮೂತಿಯನ್ನು ಹಿಂದಿನ ಹಿಡಿಯೊಳಗೆ ತೂರಿಸಿ, ಎಡಗೈಯಿಂದ ಮುಂದಿನ ಹಿಡಿ ಒತ್ತಿಹಿಡಿದು ಬಲಗೈಯಿಂದ ಎಳೆಯಿರಿ. ಬಾರಿನ ಮೂತಿ ನೆಲಕ್ಕಾಗಲೀ ಕಲ್ಲಿಗಾಗಲೀ ತಾಗಿರಬಾರದು.

ಕೊಯ್ಯುವಾಗ ಎಡಗೈ ಹೆಬ್ಬೆರಳು ಮುಂದಿನ ಹಿಡಿಯ ಕೆಳಗಿನಿಂದ ಸುತ್ತಿಕೊಂಡಿರಬೇಕು. ಇದು ಸಣ್ಣ ವಿಷಯ ಅನಿಸಬಹುದು. ಹೆಬ್ಬೆರಳು ಬೇರೆ ಬೆರಳುಗಳ ಜೊತೆ ಮೇಲೇ ಇದ್ದರೆ ಮಷೀನ್ ಚಿಮ್ಮಿದ ಕ್ಷಣ ಹಿಡಿ ಕೈಯಿಂದ ಜಾರುತ್ತದೆ. ಎಡಗಾಲು ಸ್ವಲ್ಪ ಮುಂದೆ, ಮಂಡಿ ಸಡಿಲ, ಮಷೀನ್ ಮೈಗೆ ಹತ್ತಿರ, ತಲೆ ಮತ್ತು ಕುತ್ತಿಗೆ ಬಾರಿನ ನೇರಕ್ಕಿಂತ ಎಡಕ್ಕೆ. ಭುಜಕ್ಕಿಂತ ಎತ್ತರದಲ್ಲಿ ಕೊಯ್ಯಬೇಡಿ. ಒಂದೇ ಕೈಯಲ್ಲಿ ಕೊಯ್ಯುವುದಂತೂ ಬೇಡವೇ ಬೇಡ. ಒಂದೆರಡು ಹೆಜ್ಜೆಗಿಂತ ಜಾಸ್ತಿ ನಡೆಯಬೇಕಾದರೆ ಬ್ರೇಕ್ ಹಾಕಿ ನಡೆಯಿರಿ.

ಬಾರಿನ ಮೂತಿಯ ಮೇಲಿನ ಕಾಲು ಭಾಗ ಯಾವುದಕ್ಕಾದರೂ ತಾಗಿದರೆ ಬಾರ್ ಕಣ್ಣುಮುಚ್ಚಿ ತೆರೆಯುವುದರೊಳಗೆ ನಿಮ್ಮ ಕಡೆಗೆ ಮೇಲಕ್ಕೆ ಚಿಮ್ಮುತ್ತದೆ. ಅದೇ ಕಿಕ್‌ಬ್ಯಾಕ್. ಚೈನ್ ಬ್ರೇಕ್ ಇರುವುದು ಇದಕ್ಕೇ, ಆದರೆ ಅದನ್ನೇ ನಂಬಿಕೊಂಡು ಕೆಲಸ ಮಾಡಬಾರದು. ನಿಮಗೆ ಬರಬೇಕಾದದ್ದು ಬಾರಿನ ಮೂತಿ ಈಗ ಎಲ್ಲಿದೆ ಅಂತ ನೋಡದೆಯೇ ತಿಳಿಯುವ ಅಂದಾಜು. ಮಷೀನ್ ಆಫ್ ಇರುವಾಗ, ಬಾರಿಗೆ ಕವರ್ ಹಾಕಿ, ದಿಮ್ಮಿಯ ಆಚೆ ಬದಿಗೆ ಮೂತಿ ಎಷ್ಟು ಚಾಚಿದೆ ಅಂತ ಊಹಿಸಿ, ಆಮೇಲೆ ಬಗ್ಗಿ ನೋಡಿ. ಹತ್ತಿಪ್ಪತ್ತು ಸಲ ಮಾಡಿದರೆ ಅಂದಾಜು ಕೂಡಿಬರುತ್ತದೆ.

ಮಲಗಿರುವ ದಿಮ್ಮಿಯಲ್ಲಿ ಕಲಿಯಬೇಕಾದದ್ದು

ನೆಲದ ಮೇಲೆ ಬಿದ್ದಿರುವ ದಿಮ್ಮಿಯೊಳಗೂ ಬಲ ತುಂಬಿಕೊಂಡಿರುತ್ತದೆ. ಒಂದು ಬದಿ ಒತ್ತಿಕೊಂಡಿರುತ್ತದೆ, ಇನ್ನೊಂದು ಬದಿ ಎಳೆದುಕೊಂಡಿರುತ್ತದೆ. ಇದನ್ನು ಓದಲು ಬಾರದವರು ನಿಂತ ಮರವನ್ನು ಓದಲಾರರು.

ಎರಡೂ ತುದಿಗೆ ಆಧಾರ ಇದ್ದು ನಡುಭಾಗದ ಕೆಳಗೆ ಖಾಲಿ ಇದ್ದರೆ ಮೇಲ್ಬದಿ ಒತ್ತು, ಕೆಳಬದಿ ಎಳೆತ. ಒಂದೇ ತುದಿಗೆ ಆಧಾರ ಇದ್ದು ಇನ್ನೊಂದು ತುದಿ ಚಾಚಿಕೊಂಡಿದ್ದರೆ ಇದು ತಲೆಕೆಳಗಾಗುತ್ತದೆ, ಮೇಲೆ ಎಳೆತ, ಕೆಳಗೆ ಒತ್ತು. ನಿಯಮ ಎರಡಕ್ಕೂ ಒಂದೇ: ಮೊದಲು ಒತ್ತಿನ ಬದಿಯಿಂದ ಸುಮಾರು ಮೂರನೇ ಒಂದು ಭಾಗ ಕೊಯ್ಯಿರಿ, ಆಮೇಲೆ ಎಳೆತದ ಬದಿಯಿಂದ ಬಂದು ಸೇರಿಸಿ. ಒತ್ತಿನ ಬದಿ ಕೊಯ್ಯುವಾಗ ಕಣ್ಣು ಕೊಯ್ತದ ಸಂದಿನ ಮೇಲಿರಲಿ. ಮೊದಲು ಸಂದು ಚೈನಿನಷ್ಟೇ ಅಗಲ ಇರುತ್ತದೆ. ಸ್ವಲ್ಪ ಹೊತ್ತಿಗೆ ಅದರ ಬಾಯಿ ಕೂದಲೆಳೆಯಷ್ಟು ಕಿರಿದಾಗುವುದು ಕಾಣುತ್ತದೆ. ಅದೇ ಸೂಚನೆ, ಅಲ್ಲಿಗೆ ನಿಲ್ಲಿಸಿ ಬಾರ್ ಹೊರಗೆ ತೆಗೆಯಿರಿ. ಇನ್ನೊಂದು ಸೆಂಟಿಮೀಟರ್ ಹೋಗೋಣ ಅಂದರೆ ಬಾರ್ ಸಿಕ್ಕಿಹಾಕಿಕೊಳ್ಳುತ್ತದೆ. ಎಳೆತದ ಬದಿಯಲ್ಲಿ ಇದಕ್ಕೆ ವಿರುದ್ಧ, ಕೊಯ್ದಷ್ಟೂ ಬಾಯಿ ತೆರೆದುಕೊಳ್ಳುತ್ತಾ ಹೋಗಿ ಕೊನೆಗೆ ಪಟ್ ಅಂತ ಬಿಡುತ್ತದೆ. ಆ ಹೊತ್ತಿಗೆ ನಿಮ್ಮ ಕಾಲು ದಿಮ್ಮಿ ಬೀಳುವ ಜಾಗದಲ್ಲಿ ಇರಬಾರದು.

ಪಕ್ಕಕ್ಕೆ ಬಿಲ್ಲಿನಂತೆ ಬಾಗಿರುವ ಕಾಂಡ ಇವೆಲ್ಲಕ್ಕಿಂತ ಅಪಾಯ. ಬಿಟ್ಟಾಗ ಅದು ಬಾಗಿನ ಹೊರಬದಿಗೆ ಚಿಮ್ಮುತ್ತದೆ. ನೀವು ಒಳಬದಿಯಲ್ಲಿ, ಅಂದರೆ ಒತ್ತಿನ ಬದಿಯಲ್ಲಿ ನಿಂತಿರಬೇಕು. ಇಳಿಜಾರಿನಲ್ಲಿ ಯಾವಾಗಲೂ ದಿಮ್ಮಿಗಿಂತ ಮೇಲ್ಗಡೆ ನಿಲ್ಲಿ.

ಇನ್ನೊಂದು ಅನುಭವ ಕೈಗೆ ಆಗಿರಬೇಕು. ಬಾರಿನ ಕೆಳಂಚಿನಿಂದ ಕೊಯ್ದಾಗ ಮಷೀನ್ ನಿಮ್ಮನ್ನು ಮರದ ಕಡೆಗೆ ಎಳೆಯುತ್ತದೆ. ಮೇಲಂಚಿನಿಂದ, ಅಂದರೆ ಕೆಳಗಿನಿಂದ ಮೇಲಕ್ಕೆ ಕೊಯ್ದಾಗ ನಿಮ್ಮ ಕಡೆಗೆ ತಳ್ಳುತ್ತದೆ. ಎರಡೂ ನಿಮಗೆ ಆಶ್ಚರ್ಯ ಆಗದಷ್ಟು ಅಭ್ಯಾಸ ಆಗಲಿ.

ಆಮೇಲೆ ನಿಖರತೆ. ಕೆಡವುವ ತರಬೇತಿಯಲ್ಲಿ ಬೀಳುವ ದಿಕ್ಕಿಗೆ ಕಚ್ಚು ಹಾಕುತ್ತಾರೆ, ಅದು ಸಾಮಾನ್ಯವಾಗಿ ಮರದ ದಪ್ಪದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ ಆಳ. ಹಿಂದಿನಿಂದ ಕೊಯ್ದು ಬರುವಾಗ ನಡುವೆ ಒಂದು ಪಟ್ಟಿ ಮರ ಕೊಯ್ಯದೆ ಬಿಡುತ್ತಾರೆ. ಅದೇ ಮರವನ್ನು ಬೀಳುವ ದಿಕ್ಕಿಗೆ ಹಿಡಿದು ನಡೆಸುವ ಹಿಂಜ್. ಅದರ ದಪ್ಪ ಮರದ ದಪ್ಪದ ಹತ್ತನೇ ಒಂದು ಭಾಗದಷ್ಟು. 40 ಸೆಂಟಿಮೀಟರ್ ಮರಕ್ಕೆ 4 ಸೆಂಟಿಮೀಟರ್ ಅಂತಾಯಿತು. ನಿಮ್ಮ ಕೊಯ್ತ 2 ಸೆಂಟಿಮೀಟರ್ ಸೊಟ್ಟ ಹೋದರೆ ಒಂದು ಕಡೆ ಹಿಂಜ್ ಅರ್ಧ ಹೋಯಿತು, ಮರ ಎತ್ತ ತಿರುಗುತ್ತದೋ ಹೇಳಲಾಗದು. ಅದಕ್ಕೇ ಮಲಗಿರುವ ದಿಮ್ಮಿಯಲ್ಲಿ ಈ ಅಭ್ಯಾಸ ಮಾಡಿ. ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆದು, ಮೇಲಿನಿಂದ ಅರ್ಧ, ಕೆಳಗಿನಿಂದ ಅರ್ಧ ಕೊಯ್ದು ಸೇರಿಸಿ. ಎರಡು ಕೊಯ್ತ ಸೇರುವಲ್ಲಿ ಮೆಟ್ಟಿಲು ಮೂಡುತ್ತದೆ. ಅದನ್ನು ಅಳೆಯಿರಿ. ಸತತ ಹತ್ತು ಸಲ ಅದು 1 ಸೆಂಟಿಮೀಟರ್ ಒಳಗೆ ಬಂದರೆ ನಿಮ್ಮ ಕೈ ತಯಾರಾಗಿದೆ ಅಂತ ನನ್ನ ಲೆಕ್ಕ. 5 ಸೆಂಟಿಮೀಟರ್ ದಪ್ಪದ ಬಿಲ್ಲೆಗಳನ್ನು ಕೊಯ್ದು ಸುತ್ತಲೂ ದಪ್ಪ ಸಮ ಇದೆಯಾ ನೋಡುವುದೂ ಒಳ್ಳೆಯ ಅಭ್ಯಾಸ.

ಬಾರಿನ ಮೂತಿಯನ್ನು ಮರದೊಳಗೆ ಚುಚ್ಚಿ ಕೊಯ್ಯುವ ಬೋರ್ ಕಟ್ ಮಾತ್ರ ಒಬ್ಬರೇ ಪ್ರಯತ್ನಿಸಬೇಡಿ. ಮೂತಿಯ ಕೆಳಭಾಗದಿಂದ ಶುರು ಮಾಡುವ ಬದಲು ಮೇಲಿನ ಭಾಗ ತಾಗಿದರೆ ಕಿಕ್‌ಬ್ಯಾಕ್ ಖಂಡಿತ. ಅದನ್ನು ಗೊತ್ತಿರುವವರ ಎದುರಿಗೇ ಕಲಿಯಿರಿ.

ಮಷೀನ್ ಮನೆಯಲ್ಲಿಟ್ಟು ಮರ ನೋಡಲು ಹೋಗಿ

ಇದಕ್ಕೆ ಖರ್ಚಿಲ್ಲ, ಅಪಾಯವೂ ಇಲ್ಲ, ಆದರೂ ಮಾಡುವವರು ಕಡಿಮೆ. ಒಂದು ಮರ ಆರಿಸಿ ಸುತ್ತ ಎರಡು ಸುತ್ತು ಬನ್ನಿ. ಯಾವ ಕಡೆಗೆ ವಾಲಿದೆ? ದಾರಕ್ಕೆ ಕಲ್ಲು ಕಟ್ಟಿ ಕಣ್ಣೆದುರು ತೂಗುಬಿಟ್ಟು ಕಾಂಡಕ್ಕೆ ಹೋಲಿಸಿ, ಎರಡು ಬೇರೆ ಬೇರೆ ದಿಕ್ಕಿನಿಂದ. ಕೊಂಬೆಗಳ ಭಾರ ಯಾವ ಕಡೆ ಜಾಸ್ತಿ? ಒಣಗಿ ನೇತಾಡುವ ಕೊಂಬೆ ಇದೆಯಾ? ಬುಡದಲ್ಲಿ ಅಣಬೆ ಎದ್ದಿದೆಯಾ, ಕೊಡಲಿಯ ಹಿಂಬದಿಯಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತಾ? ಬೀಳುವ ದಾರಿಯಲ್ಲಿ ಬೇರೆ ಮರದ ಕೊಂಬೆ, ವಿದ್ಯುತ್ ತಂತಿ, ದಾರಿ ಇದೆಯಾ? ಗಾಳಿ ಎತ್ತಣಿಂದ?

ಮರದ ಎತ್ತರ ತಿಳಿಯಲು ಒಂದು ಕೋಲು ಸಾಕು. ಕೈ ನೇರ ಚಾಚಿ ಕೋಲನ್ನು ನೆಟ್ಟಗೆ ಹಿಡಿಯಿರಿ. ಹಿಡಿದ ಜಾಗದಿಂದ ಮೇಲಿನ ಕೋಲಿನ ಉದ್ದ, ನಿಮ್ಮ ಕಣ್ಣಿನಿಂದ ಕೈವರೆಗಿನ ದೂರದಷ್ಟೇ ಇರಬೇಕು. ಕೈಯ ಹತ್ತಿರ ಮರದ ಬುಡ, ಕೋಲಿನ ತುದಿಗೆ ಮರದ ತುದಿ ಸೇರುವವರೆಗೆ ಹಿಂದಕ್ಕೆ ನಡೆಯಿರಿ. ಸಮತಟ್ಟಾದ ನೆಲದಲ್ಲಿ ನೀವು ನಿಂತ ಜಾಗದಿಂದ ಮರಕ್ಕೆ ಎಷ್ಟು ದೂರವೋ ಮರ ಅಷ್ಟು ಎತ್ತರ. ಕೆಡವುವಾಗ ಬೇರೆಯವರೆಲ್ಲ ಕನಿಷ್ಠ ಅದರ ಎರಡರಷ್ಟು ದೂರ ಇರಬೇಕು. ನೀವು ಓಡಿ ಸರಿಯಬೇಕಾದ ದಾರಿ ಮರ ಬೀಳುವ ದಿಕ್ಕಿನ ನೇರ ಹಿಂದಕ್ಕಲ್ಲ, ಹಿಂದಕ್ಕೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ. ಆ ದಾರಿಯಲ್ಲಿ ನಡೆದು ನೋಡಿ. ಬಳ್ಳಿಯೋ ಕಲ್ಲೋ ಕಾಲಿಗೆ ತೊಡರುತ್ತಾ ಅಂತ ಮಷೀನ್ ಇಲ್ಲದಾಗಲೇ ಗೊತ್ತಾಗಲಿ.

ರಕ್ತ ನಿಲ್ಲಿಸಲು ಬರಬೇಕು

ಪ್ರಥಮ ಚಿಕಿತ್ಸೆಯ ತರಗತಿ ಮುಗಿಸಿಕೊಂಡೇ ಬನ್ನಿ. ಚೈನ್ ಮಾಡುವ ಗಾಯ ಹರಿದ ಗಾಯ, ರಕ್ತ ಬೇಗ ಹೋಗುತ್ತದೆ. ನೇರವಾಗಿ ಗಟ್ಟಿ ಒತ್ತಿಹಿಡಿಯುವುದು, ಕೈಕಾಲಿನ ರಕ್ತ ಅದಕ್ಕೂ ನಿಲ್ಲದಿದ್ದರೆ ಟೂರ್ನಿಕೆ (ರಕ್ತ ನಿಲ್ಲಿಸಲು ಗಾಯಕ್ಕಿಂತ ಮೇಲೆ ಬಿಗಿಯುವ ಪಟ್ಟಿ) ಬಿಗಿದು ಸಮಯ ಬರೆದಿಡುವುದು, ಇವು ಕೈಗೆ ಬಂದಿರಬೇಕು. ದಪ್ಪ ಬ್ಯಾಂಡೇಜ್ ನಿಮ್ಮ ಜೇಬಿನಲ್ಲಿರಲಿ, ಗಾಡಿಯಲ್ಲಿ ಇದ್ದರೆ ಪ್ರಯೋಜನ ಇಲ್ಲ. ಅಭ್ಯಾಸಕ್ಕೂ ಒಬ್ಬರೇ ಹೋಗಬೇಡಿ. ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಇನ್ನೊಬ್ಬರು ಇರಲಿ, ನೀವಿರುವ ಜಾಗವನ್ನು ಫೋನಿನಲ್ಲಿ ಹೇಗೆ ವಿವರಿಸುವುದು ಅಂತ ಇಬ್ಬರಿಗೂ ಗೊತ್ತಿರಲಿ.

ತರಬೇತಿಗೆ ಒಂದು ವಾರ ಇರುವಾಗ ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ. ಮಷೀನ್ ಬಿಚ್ಚಿ ಜೋಡಿಸಿ, ಚೈನ್ ಹರಿತ ಮಾಡಿ, ತಪಾಸಣೆ ಮುಗಿಸಿ, ಸ್ಟಾರ್ಟ್ ಮಾಡಿ, ಎರಡು ಬಗೆಯ ಆಧಾರದ ದಿಮ್ಮಿಗಳನ್ನು ಬಾರ್ ಸಿಕ್ಕಿಸಿಕೊಳ್ಳದೆ ಕೊಯ್ಯಿರಿ. ಗೊತ್ತಿರುವ ಒಬ್ಬರು ಪಕ್ಕದಲ್ಲಿ ನಿಂತು ಏನೂ ಮಾತಾಡದೆ ನೋಡಲಿ. ಅವರು ಬಾಯಿಬಿಡುವ ಸಂದರ್ಭ ಬಂತು ಅಂದರೆ ತರಬೇತಿಯ ದಿನಾಂಕ ಮುಂದಕ್ಕೆ ಹಾಕಿಸಿ. ಬರಲಿಲ್ಲ ಅಂದರೆ ಹರಿತ ಮಾಡಿದ ಇನ್ನೊಂದು ಚೈನ್, ಅರ, ಬೆಣೆಗಳು, ಬೆಣೆ ಬಡಿಯಲು ಸುತ್ತಿಗೆ, ಮಿಶ್ರಣದ ಡಬ್ಬ, ಚೈನ್ ಎಣ್ಣೆ, ಬ್ಯಾಂಡೇಜ್ ಚೀಲಕ್ಕೆ ಹಾಕಿ. ಬೆಳಿಗ್ಗೆ ಹೋದ ತಕ್ಷಣ ಕಲಿಸುವವರಿಗೆ ನಿಮಗೆ ಏನು ಚೆನ್ನಾಗಿ ಬರುತ್ತದೆ, ಯಾವುದಕ್ಕೆ ಇನ್ನೂ ಭಯ ಇದೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿ.